ಲಾಲ್‌ಬಾಗಿನ ಬಂಡೆಯೂ ವ್ಯವಸಾಯ ಶಿಕ್ಷಣವೂ

ವ್ಯವಸಾಯಕ್ಕೆ ಮೂಲವು ಮಣ್ಣು. ಮಣ್ಣಿಗೆ ಮೂಲವು ಕಲ್ಲು. ಈ ಎರಡು ಮಾತುಗಳಲ್ಲಿ ಮೊದಲನೆಯದನ್ನು ಅರಿಯದ ರೈತನಿಲ್ಲ. ಎರಡನೆಯದನ್ನು ಬಾಯಲ್ಲಿ ಹೇಳುವವರು ಅನೇಕರಿದ್ದರೂ ಕಣ್ಣಾರೆ ಕಂಡು ತಿಳಿದವರು ವಿರಳ. ಪಾಠಶಾಲೆಗಳಲ್ಲಿ ಭೂಸಾರದ ಪ್ರಕರಣವು ಬಂದಾಗ, ಶಿಲೆಗಳು ಶಿಥಿಲವಾಗಿ ಮಣ್ಣಾಗುತ್ತವೆ ಎಂಬ ಒಂದು ವಾಕ್ಯವನ್ನು ಬರೆಯಿಸಿ ಉಪಾಧ್ಯಾಯರು ಮುಂದಿನ ವಿಷಯಕ್ಕೆ ಹೋಗುವುದು ರೂಢಿಯಾಗಿದೆ. ವಿದ್ಯಾರ್ಥಿಯು ಆ ವಾಕ್ಯವನ್ನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯುವನು. ಆದರೆ ಅವನನ್ನೇ ಊರ ಹೊರಗಿನ ಬಂಡೆಯೊಂದರ ಮುಂದೆ ನಿಲ್ಲಿಸಿ, ಇದು ಯಾವ ಶಿಲೆ, ಇದರಲ್ಲಿರುವ ಬಿಳುಪು ಯಾವುದು, ಕಪ್ಪು ಯಾವುದು, ಇದರಿಂದ ಕೆಂಪುಮಣ್ಣು ಹೇಗೆ ಹುಟ್ಟಿತು ಎಂದು ಕೇಳಿದರೆ ಮೌನವಾಗಿರುವನು. ಇದು ವಿದ್ಯಾರ್ಥಿಯ ದೋಷವಲ್ಲ. ಕಲ್ಲನ್ನು ತೋರಿಸದೆ ಕಲ್ಲಿನ ಪಾಠವನ್ನು ಹೇಳಿದ ಕ್ರಮದ ದೋಷವು.

ಈ ದೋಷವನ್ನು ತಿದ್ದುವುದಕ್ಕೆ ಹೊಸ ಕಟ್ಟಡಗಳಾಗಲಿ, ಬೆಲೆಯುಳ್ಳ ಯಂತ್ರಗಳಾಗಲಿ ಬೇಕಾಗಿಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ಬರಿಯ ಬಂಡೆಯೊಂದು ತಲೆಯೆತ್ತಿ ನಿಲ್ಲದ ಹೋಬಳಿಯೇ ಅಪರೂಪ. ಅವುಗಳಲ್ಲೆಲ್ಲಾ ಪ್ರಸಿದ್ಧವಾದುದು ಬೆಂಗಳೂರಿನ ಲಾಲ್‌ಬಾಗಿನಲ್ಲಿರುವ ಬಂಡೆ. ಇದನ್ನು ಭೂಗರ್ಭಶಾಸ್ತ್ರದ ವಿದ್ಯಾರ್ಥಿಗಳು ನೋಡಲು ಬರುವುದುಂಟು. ವ್ಯವಸಾಯದ ವಿದ್ಯಾರ್ಥಿಗಳಿಗೆ ಅದು ಅಷ್ಟೇ ಅವಶ್ಯಕವೆಂಬುದು ಇನ್ನೂ ಎಲ್ಲರ ಮನಸ್ಸಿಗೆ ಬಂದಿಲ್ಲ. ಮಣ್ಣಿನ ಮೊದಲನೆಯ ಪಾಠವನ್ನು ಈ ಬಂಡೆಯ ಮೇಲೆಯೂ, ದೂರದ ಊರುಗಳಲ್ಲಿ ಆಯಾ ಊರಿನ ಬಂಡೆಯ ಮೇಲೆಯೂ ಹೇಳುವ ಏರ್ಪಾಡಾಗಬೇಕೆಂಬುದೂ, ಅದಕ್ಕಾಗಿ ಇಂತಹ ಬಂಡೆಗಳನ್ನು ಉಳಿಸಿಕೊಳ್ಳಬೇಕೆಂಬುದೂ ಈ ಲೇಖನದ ಅಭಿಪ್ರಾಯವು.

ಬಂಡೆಯ ಪರಿಚಯ

ಲಾಲ್‌ಬಾಗ್ ತೋಟವು ೧೭೬೦ರಲ್ಲಿ ಹೈದರ್ ಅಲಿಯಿಂದ ಆರಂಭವಾಗಿ, ಟಿಪ್ಪು ಸುಲ್ತಾನನ ಕಾಲದಲ್ಲಿ ವೃದ್ಧಿಹೊಂದಿ, ಈಗ ಸುಮಾರು ೨೪೦ ಎಕರೆ ವಿಸ್ತೀರ್ಣವುಳ್ಳದ್ದಾಗಿ ತೋಟಗಾರಿಕೆ ಇಲಾಖೆಯ ಆಡಳಿತದಲ್ಲಿರುವುದು. ತೋಟದ ಒಳಗೆ ಆನೆಯ ಬೆನ್ನಿನಂತೆ ಉಬ್ಬಿ ನಿಂತಿರುವ ವಿಶಾಲವಾದ ಹಾಸುಬಂಡೆಯ ನೆತ್ತಿಯಲ್ಲಿ ಕೆಂಪೇಗೌಡರ ಹೆಸರಿನ ಗೋಪುರವಿದೆ. ಜನರು ಗೋಪುರವನ್ನು ನೋಡಲು ಬಂಡೆಯನ್ನು ಹತ್ತುವರು. ಕಾಲ ಕೆಳಗಿರುವ ಬಂಡೆಯನ್ನು ನೋಡುವವರು ಕಡಿಮೆ. ಗೋಪುರದ ವಯಸ್ಸನ್ನು ಶತಮಾನಗಳಲ್ಲಿ ಎಣಿಸಬಹುದು. ಬಂಡೆಯ ವಯಸ್ಸನ್ನು ಕೋಟಿಗಳಲ್ಲಿ ಎಣಿಸಬೇಕು.

ಈ ಶಿಲೆಗೆ ನೈಸ್ ಎಂದು ಹೆಸರು. ಮೈಸೂರು ಸಂಸ್ಥಾನದಲ್ಲಿ ೧೮೯೪ರಲ್ಲಿ ಭೂಗರ್ಭ ಇಲಾಖೆಯು ಸ್ಥಾಪಿತವಾಯಿತು. ಆ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ ಎಂಬವರು ೧೯೧೬ರಲ್ಲಿ ಲಾಲ್‌ಬಾಗಿನ ಕಲ್ಲುಗಣಿಯಲ್ಲಿ ತೆರೆದು ಕಂಡ ಶಿಲೆಯನ್ನು ಆಧಾರವಾಗಿಟ್ಟುಕೊಂಡು, ದಕ್ಷಿಣ ಭಾರತದಲ್ಲಿ ಬಹು ದೂರದವರೆಗೆ ಹಬ್ಬಿರುವ ಈ ಜಾತಿಯ ಶಿಲೆಗೆ ಪೆನಿನ್ಸುಲರ್ ನೈಸ್, ಅಂದರೆ ಪರ್ಯಾಯದ್ವೀಪದ ಪಟ್ಟೆಶಿಲೆ ಎಂದು ಹೆಸರಿಟ್ಟರು. ೧೯೭೫ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಈ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿತು. ಹೀಗೆ ದಕ್ಷಿಣ ದೇಶದ ಅತಿ ವಿಸ್ತಾರವಾದ ಶಿಲಾಸಮೂಹಕ್ಕೆ ಹೆಸರು ಬಂದುದು ಒಂದು ತೋಟದೊಳಗಿನ ಬಂಡೆಯಿಂದ ಎಂಬುದು ಗಮನಿಸತಕ್ಕ ವಿಷಯವು. ಕೋಲಾರ, ತುಮಕೂರು, ಮಂಡ್ಯ, ಮೈಸೂರು, ಹಾಸನ ಮೊದಲಾದ ಜಿಲ್ಲೆಗಳ ರಾಗಿ ಹೊಲಗಳಲ್ಲಿ ಬಹುಭಾಗವು ಕುಳಿತಿರುವುದು ಇದೇ ಶಿಲೆಯ ಮೇಲೆ. ಆದುದರಿಂದ ಲಾಲ್‌ಬಾಗಿನ ಬಂಡೆಯನ್ನು ಓದಿದವನು ಅರ್ಧ ಸೀಮೆಯ ಹೊಲಗಳ ಅಡಿಪಾಯವನ್ನು ಓದಿದಂತಾಗುವುದು.

ಖನಿಜಗಳ ಪಾಠ

ಬಂಡೆಯ ಮೇಲೆ ಬಾಗಿ ನೋಡಿದರೆ ಬಿಳಿಯ ಪಟ್ಟೆಗಳೂ ಕಪ್ಪು ಪಟ್ಟೆಗಳೂ ಒಂದರ ಪಕ್ಕದಲ್ಲೊಂದು ಹರಿದಿರುವುದು ಕಾಣುವುದು. ಕೆಲವೆಡೆ ನೆಟ್ಟಗೆ, ಕೆಲವೆಡೆ ಸೀರೆಯ ನೆರಿಗೆಯಂತೆ ಮಡಿಸಿಕೊಂಡು ಅವು ಸಾಗುವುವು. ಶಿಲೆಯು ಭೂಮಿಯ ಆಳದಲ್ಲಿ ಅತಿಯಾದ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಮೆತ್ತಗಾಗಿ ಮಡಿಸಲ್ಪಟ್ಟಿತೆಂಬುದಕ್ಕೆ ಈ ನೆರಿಗೆಗಳೇ ಸಾಕ್ಷಿ. ಅಲ್ಲಲ್ಲಿ ಕಪ್ಪು ಶಿಲೆಯ ತುಂಡುಗಳು ನೈಸಿನ ನಡುವೆ ಹುದುಗಿವೆ. ಇವು ನೈಸಿಗಿಂತಲೂ ಹಳೆಯ ಶಿಲೆಯ ಅವಶೇಷಗಳು. ಪಟ್ಟೆಗಳನ್ನು ಅಡ್ಡವಾಗಿ ಕತ್ತರಿಸಿಕೊಂಡು ಹೋಗಿರುವ ತಿಳಿಬಣ್ಣದ ಎಳೆಗಳು ಪಟ್ಟೆಗಳಾದ ಮೇಲೆ ಹೊಕ್ಕವು. ಯಾವುದು ಯಾವುದನ್ನು ಕತ್ತರಿಸಿದೆಯೋ ಅದು ಕಿರಿಯದು ಎಂಬ ಸೂತ್ರವನ್ನು ಹನ್ನೆರಡು ವರ್ಷದ ಹುಡುಗನೂ ಇಲ್ಲಿ ಐದು ನಿಮಿಷಗಳಲ್ಲಿ ಗ್ರಹಿಸಬಲ್ಲನು. ಪುಸ್ತಕದಲ್ಲಿ ಇದಕ್ಕೆ ಎರಡು ಪುಟಗಳು ಬೇಕು.

ಬಿಳಿಯ ಪಟ್ಟೆಗಳಲ್ಲಿ ಮುಖ್ಯವಾದ ಖನಿಜಗಳು ಎರಡು. ಗಾಜಿನಂತೆ ಹೊಳೆದು, ಚಾಕುವಿನಿಂದ ಗೀಚಿದರೆ ಗೆರೆ ಬೀಳದೆ ಇರುವುದು ಬೆಣಚು. ಮಾಸಿದ ಹಾಲಿನ ಬಣ್ಣದ ಅಥವಾ ಸ್ವಲ್ಪ ಕೆಂಪು ಛಾಯೆಯ, ಒಡೆದರೆ ಚಪ್ಪಟೆಯಾದ ಮುಖಗಳನ್ನು ತೋರಿಸುವುದು ಫೆಲ್ಡ್‌ಸ್ಪಾರ್. ಕಪ್ಪು ಪಟ್ಟೆಗಳಲ್ಲಿ ಮುಖ್ಯವಾದುದು ಕಪ್ಪು ಅಭ್ರಕ. ನಮ್ಮ ಮಕ್ಕಳು ಕಾಗೆಬಂಗಾರವೆಂದು ಆರಿಸಿ ಆಡುವ ವಸ್ತುವಿನ ಜಾತಿಯೇ ಇದು. ಈ ಮೂರನ್ನು ಗುರುತಿಸಲು ಬಲ್ಲವನಿಗೆ ಕೆಂಪುಮಣ್ಣಿನ ಗುಣಾವಗುಣಗಳ ಕಾರಣವು ತಾನಾಗಿ ತಿಳಿಯುವುದು.

ಅದು ಹೇಗೆಂದರೆ: ಬೆಣಚು ಕರಗುವುದಿಲ್ಲ, ಕೊಳೆಯುವುದೂ ಇಲ್ಲ ಎನ್ನಬಹುದು, ಅದು ಮರಳಾಗಿ ಉಳಿಯುವುದು. ಫೆಲ್ಡ್‌ಸ್ಪಾರ್ ಹಾಗಲ್ಲ. ಮಳೆಯ ನೀರು ಗಾಳಿಯಲ್ಲಿಯೂ ಮಣ್ಣಿನಲ್ಲಿಯೂ ಇರುವ ಅಂಗಾರಾಮ್ಲ ವಾಯುವನ್ನು ಹೀರಿಕೊಂಡು ಅತಿ ಸೌಮ್ಯವಾದ ಆಮ್ಲವಾಗಿ ಫೆಲ್ಡ್‌ಸ್ಪಾರನ್ನು ಮೆಲ್ಲಮೆಲ್ಲನೆ ಕೆಡಿಸುವುದು. ಆಗ ಅದರೊಳಗಿನ ಪೊಟ್ಯಾಷ್, ಸೋಡ, ಸುಣ್ಣ ಇವು ಬಿಡುಗಡೆಯಾಗುವುವು. ಉಳಿದುದು ನುಣ್ಣನೆಯ ಜೇಡಿಯಾಗುವುದು. ಅಭ್ರಕದಲ್ಲಿರುವ ಕಬ್ಬಿಣವು ಗಾಳಿಯ ಆಮ್ಲಜನಕದೊಡನೆ ಸೇರಿ ತುಕ್ಕಾಗುವುದು. ಮರಳು, ಜೇಡಿ, ತುಕ್ಕು ಎಂಬ ಈ ಮೂರರ ಮಿಶ್ರಣವೇ ನಮ್ಮ ಕೆಂಪುಮಣ್ಣು. ಮರಳಿನಿಂದ ಅದಕ್ಕೆ ಹಗುರವೂ ನೀರು ಬೇಗ ಇಳಿಯುವ ಗುಣವೂ, ತುಕ್ಕಿನಿಂದ ಬಣ್ಣವೂ, ಜೇಡಿಯಿಂದ ಸಾರವನ್ನು ಹಿಡಿಯುವ ಅಲ್ಪಸ್ವಲ್ಪ ಶಕ್ತಿಯೂ ಬಂದಿರುವುದು.

ಅಲ್ಪಸ್ವಲ್ಪ ಎಂದು ಹೇಳಿದುದಕ್ಕೆ ಕಾರಣವುಂಟು. ಕೆಂಪುಮಣ್ಣಿನ ಜೇಡಿಯಲ್ಲಿ ಬಹುಭಾಗವು ಕೇಯೊಲಿನ್ ಜಾತಿಯದು. ಎರೆಮಣ್ಣಿನ ಜೇಡಿಯೊಡನೆ ಹೋಲಿಸಿದರೆ ಸಸ್ಯಾಹಾರವನ್ನು ಹಿಡಿದಿಡುವ ಶಕ್ತಿಯು ಇದಕ್ಕೆ ಬಹಳ ಕಡಿಮೆ. ಆದುದರಿಂದಲೇ ಕೆಂಪು ಭೂಮಿಗೆ ಹಾಕಿದ ಸಾರಜನಕದ ಗೊಬ್ಬರವು ಒಂದು ದೊಡ್ಡ ಮಳೆಗೆ ಕೊಚ್ಚಿಹೋಗುವುದು. ಆದುದರಿಂದಲೇ ಗೊಬ್ಬರವನ್ನು ಒಂದೇ ಸಲ ಸುರಿಯದೆ ಎರಡು ಮೂರು ಕಂತುಗಳಲ್ಲಿ ಕೊಡಬೇಕೆಂದೂ, ಕೊಟ್ಟಿಗೆ ಗೊಬ್ಬರ, ಹಸಿರೆಲೆ ಗೊಬ್ಬರಗಳನ್ನು ಬಿಡಬಾರದೆಂದೂ ಇಲಾಖೆಯವರು ಹೇಳುವುದು. ಶಿಲೆಯಲ್ಲಿ ರಂಜಕದ ಅಂಶವು ಸ್ವಲ್ಪವೇ ಇರುವುದು. ಹಾಕಿದ ರಂಜಕವನ್ನೂ ಮಣ್ಣಿನಲ್ಲಿರುವ ಕಬ್ಬಿಣದ ತುಕ್ಕು ಹಿಡಿದುಕೊಂಡುಬಿಡುವುದು. ಸಲಹೆಯನ್ನು ಮಾತ್ರ ಕೇಳಿದ ರೈತನು ಅದನ್ನು ಒಂದು ವರ್ಷ ನಡೆಸಿ ಮರೆಯಬಹುದು. ಸಲಹೆಯ ಕಾರಣವನ್ನು ಬಂಡೆಯಲ್ಲಿ ಕಂಡವನು ಮರೆಯಲಾರನು.

ಇಲ್ಲಿ ಒಂದು ತಪ್ಪು ತಿಳಿವಳಿಕೆಗೂ ಪರಿಹಾರವಿದೆ. ಶುದ್ಧವಾದ ಪೊಟ್ಯಾಷ್ ಫೆಲ್ಡ್‌ಸ್ಪಾರಿನಲ್ಲಿ ನೂರಕ್ಕೆ ಸುಮಾರು ೧೭ ಭಾಗ ಪೊಟ್ಯಾಷ್ ಇರುವುದು. ಇದನ್ನು ಓದಿದವರು ಕಲ್ಲುಪುಡಿಯನ್ನು ಹೊಲಕ್ಕೆ ಎರಚಿದರೆ ಗೊಬ್ಬರದ ಖರ್ಚು ಉಳಿಯುವುದೆಂದು ಭಾವಿಸುವುದುಂಟು. ಆದರೆ ಆ ಪೊಟ್ಯಾಷ್ ಶಿಲೆಯೊಳಗೆ ಬೀಗ ಹಾಕಿಟ್ಟ ಧನದಂತಿದೆ. ಪ್ರಕೃತಿಯು ಅದನ್ನು ಬಿಡಿಸುವ ವೇಗವು ಬೆಳೆಯ ಅಗತ್ಯದ ವೇಗವಲ್ಲ. ಬಂಡೆಯ ಮೇಲೆ ಎಷ್ಟೋ ಮಳೆಗಾಲಗಳನ್ನು ಕಂಡೂ ಇನ್ನೂ ಗಟ್ಟಿಯಾಗಿಯೇ ಇರುವ ಫೆಲ್ಡ್‌ಸ್ಪಾರಿನ ಹರಳನ್ನು ಬೆರಳಿನಿಂದ ಮುಟ್ಟಿ ನೋಡಿದರೆ ಈ ಮಾತು ಸ್ಪಷ್ಟವಾಗುವುದು.

ಕಾಲದ ಪಾಠ

ಈ ಶಿಲೆಯ ವಯಸ್ಸು ಸುಮಾರು ೩೦೦ ಕೋಟಿ ವರ್ಷಗಳು. ಶಿಲೆಯಲ್ಲಿರುವ ಜಿರ್ಕಾನ್ ಎಂಬ ಅತಿ ಸಣ್ಣ ಹರಳುಗಳೊಳಗೆ ಯುರೇನಿಯಂ ಧಾತುವು ನಿಯತವಾದ ಗತಿಯಲ್ಲಿ ಸೀಸವಾಗಿ ಮಾರ್ಪಡುತ್ತಿರುವುದು. ಎಷ್ಟು ಉಳಿದಿದೆ, ಎಷ್ಟು ಮಾರ್ಪಟ್ಟಿದೆ ಎಂಬುದನ್ನು ಅಳೆದು ವಯಸ್ಸನ್ನು ಲೆಕ್ಕಹಾಕುವರು. ಭೂಮಿಯ ವಯಸ್ಸೇ ಸುಮಾರು ೪೫೦ ಕೋಟಿ ವರ್ಷಗಳು. ಭರತಖಂಡದ ಭೂಭಾಗವು ಏಷ್ಯದ ಭೂಭಾಗವನ್ನು ತಾಗಿ ಹಿಮಾಲಯವು ಏಳಲಾರಂಭಿಸಿದುದು ಸುಮಾರು ೫ ಕೋಟಿ ವರ್ಷಗಳ ಹಿಂದೆ. ಹೀಗಿರುವಲ್ಲಿ ಹಿಮಾಲಯವು ಲಾಲ್‌ಬಾಗಿನ ಬಂಡೆಯ ಮುಂದೆ ತೊಟ್ಟಿಲ ಕೂಸು.

ಕೋಟಿಗಳ ಲೆಕ್ಕವು ರೈತನಿಗೆ ಏತಕ್ಕೆ ಎಂದು ಕೇಳಬಹುದು. ಉತ್ತರವು ಹೀಗಿದೆ. ಈ ಶಿಲೆಯು ಹುಟ್ಟಿದುದು ನೆಲದ ಮೇಲಲ್ಲ, ಮೈಲಿಗಟ್ಟಲೆ ಆಳದಲ್ಲಿ. ಇಂದು ಅದು ಬಿಸಿಲಿಗೆ ಮೈಯೊಡ್ಡಿ ನಿಂತಿದೆ ಎಂದರೆ ಅದರ ಮೇಲಿದ್ದ ಶಿಲೆಯೆಲ್ಲವೂ ಸವೆದು ಕೊಚ್ಚಿಹೋಯಿತೆಂದರ್ಥ. ಪ್ರಕೃತಿಯು ಒಂದು ಕಡೆ ಕಲ್ಲನ್ನು ಮಣ್ಣುಮಾಡುತ್ತಲೂ ಮತ್ತೊಂದು ಕಡೆ ಆ ಮಣ್ಣನ್ನು ಹೊತ್ತು ಸಾಗಿಸುತ್ತಲೂ ಇರುವುದು. ಮಾಡುವ ಕೆಲಸಕ್ಕೂ ಸಾಗಿಸುವ ಕೆಲಸಕ್ಕೂ ಸಮತೂಕವಿರುವವರೆಗೆ ಹೊಲವುಂಟು. ಸಾಗಿಸುವ ಕೆಲಸವು ಮೇಲುಗೈಯಾದರೆ ಬಂಡೆಯುಂಟು. ಒಂದು ಅಂಗುಲ ಮಣ್ಣಾಗುವುದಕ್ಕೆ ನೂರಾರು ವರ್ಷಗಳು ಬೇಕು. ಇಳಿಜಾರಿನಲ್ಲಿ ಮೇಲಿನಿಂದ ಕೆಳಕ್ಕೆ ಉತ್ತು, ಬದುಗಳನ್ನು ಕಡೆಗಣಿಸಿದ ಹೊಲದಲ್ಲಿ ಆ ಅಂಗುಲವು ಹೋಗುವುದಕ್ಕೆ ಕೆಲವು ಮಳೆಗಾಲಗಳು ಸಾಕು. ಬದು ಹಾಕಿರೆಂದು ಹೊಲದಲ್ಲಿ ನಿಂತು ಹತ್ತು ಸಲ ಹೇಳುವುದಕ್ಕಿಂತ, ಬದುವಿಲ್ಲದ ಹೊಲದ ಕೊನೆಯು ಏನೆಂಬುದನ್ನು ಬರಿಯ ಬಂಡೆಯ ಮೇಲೆ ನಿಂತು ಒಂದು ಸಲ ತೋರಿಸುವುದು ಮೇಲು.

ಕಲ್ಲು ಮಣ್ಣಾಗುವ ಬಗೆ

ಬಂಡೆಯು ನಿಶ್ಚಲವಾಗಿ ಕಂಡರೂ ಅದರ ಮೇಲೆ ಕೆಲಸವು ನಡೆಯುತ್ತಲೇ ಇರುವುದು. ಹಗಲಿನ ಬಿಸಿಲು, ರಾತ್ರಿಯ ತಂಪು, ಮೇಲಿನ ಭಾರವು ಕಳಚಿದುದರಿಂದ ಉಂಟಾದ ಸಡಿಲಿಕೆ ಇವುಗಳಿಂದ ಬಂಡೆಯ ಮೇಲ್ಭಾಗವು ಈರುಳ್ಳಿಯ ಸಿಪ್ಪೆಯಂತೆ ಪದರು ಪದರಾಗಿ ಏಳುವುದು. ನಮ್ಮ ಕಲ್ಲುಕುಟಿಗರು ಇದನ್ನು ಬಹುಕಾಲದಿಂದ ಬಲ್ಲರು. ಬಂಡೆಯ ಮೇಲೆ ಸೌದೆಯ ಬೆಂಕಿಯನ್ನು ಮೆಲ್ಲನೆ ಸರಿಸುತ್ತಾ ವಿಶಾಲವಾದ ಚಪ್ಪಡಿಗಳನ್ನು ಎಬ್ಬಿಸುತ್ತಿದ್ದ ಅವರ ಕುಶಲತೆಯು ಈ ಗುಣವನ್ನೇ ಆಶ್ರಯಿಸಿದುದು.

ಪದರಿನ ಮೇಲೆ ಬೂದುಬಣ್ಣದ ಅಥವಾ ಹಳದಿಬಣ್ಣದ ಕಲ್ಲುಹೂವು ಅಂಟಿಕೊಂಡಿರುವುದನ್ನು ತೋರಿಸಬೇಕು. ಇದು ತನ್ನಿಂದ ಒಸರುವ ಆಮ್ಲದಿಂದ ಕಲ್ಲನ್ನು ಕೊರೆಯುವುದು; ಸತ್ತ ಮೇಲೆ ತಾನೇ ಗೊಬ್ಬರವಾಗುವುದು. ಅದರ ಪಕ್ಕದ ಸಂದಿನಲ್ಲಿ ಪಾಚಿಯೂ, ಪಾಚಿಯು ಹಿಡಿದ ಧೂಳಿನಲ್ಲಿ ಹುಲ್ಲೂ, ಹುಲ್ಲಿನ ಬೇರು ಅಗಲಿಸಿದ ಬಿರುಕಿನಲ್ಲಿ ಮುಂದೆ ಅರಳಿಯ ಗಿಡವೂ ಬರುವುದು. ಬಂಡೆಯ ತಗ್ಗುಗಳಲ್ಲಿ ಮಳೆಯ ನೀರು ನಿಲ್ಲುವ ದೊಣೆಗಳಿರುವುವು. ನೀರು ಬತ್ತಿದ ಮೇಲೆ ದೊಣೆಯ ತಳದಲ್ಲಿ ಉಳಿಯುವ ಹಿಡಿ ಮಣ್ಣನ್ನು ಅಂಗೈಯಲ್ಲಿಟ್ಟು ನೀರು ಹಾಕಿ ತಿಕ್ಕಿದರೆ ಮರಳೂ ಜೇಡಿಯೂ ಬೇರೆಬೇರೆಯಾಗಿ ಬೆರಳಿಗೆ ತಾಗುವುವು. ಮಣ್ಣು ಎಂಬುದು ಕಲ್ಲಿನ ಪುಡಿ ಮಾತ್ರವಲ್ಲ, ಜೀವವು ಸೇರಿದ ಕಲ್ಲಿನ ಪುಡಿ ಎಂಬ ದೊಡ್ಡ ಮಾತು ಈ ಹಿಡಿ ಮಣ್ಣಿನಲ್ಲಿ ಅಡಗಿದೆ. ಸಾವಯವ ಗೊಬ್ಬರದ ಮೇಲೆ ಬರೆದ ಯಾವ ಲೇಖನವೂ ಇದಕ್ಕಿಂತ ಬಲವಾಗಿ ವಾದಿಸಲಾರದು.

ಬಂಡೆ, ಹೊಲ, ಕೆರೆ

ಲಾಲ್‌ಬಾಗಿನಲ್ಲಿ ಮತ್ತೊಂದು ಅನುಕೂಲವಿದೆ. ಅಲ್ಲಿ ಬಂಡೆಯೂ ಇದೆ, ಮರಗಳು ಬೆಳೆದಿರುವ ಕೆಂಪುಮಣ್ಣಿನ ನೆಲವೂ ಇದೆ, ದಕ್ಷಿಣ ಭಾಗದ ತಗ್ಗಿನಲ್ಲಿ ಕೆರೆಯೂ ಇದೆ. ಹಳೆಯ ಮೈಸೂರಿನ ಯಾವ ಗ್ರಾಮವನ್ನು ನೋಡಿದರೂ ಇದೇ ವಿನ್ಯಾಸವು. ಮೇಲೆ ಬಂಡೆ, ಅದರ ಬುಡದಲ್ಲಿ ಕಲ್ಲುಹರಳಿನ ತೆಳುವಾದ ನೆಲ, ಅಲ್ಲಿ ಹುರುಳಿ, ಅದಕ್ಕಿಂತ ಕೆಳಗೆ ಮಣ್ಣು ಆಳವಾಗಿರುವಲ್ಲಿ ರಾಗಿ, ತಗ್ಗಿನಲ್ಲಿ ಕೆರೆ, ಕೆರೆಯ ಹಿಂದಿನ ಜೇಡಿ ನೆಲದಲ್ಲಿ ಬತ್ತ. ದಪ್ಪ ಮರಳು ಮೇಲುಗಡೆಯೇ ಉಳಿಯುವುದು. ನುಣುಪಾದ ಜೇಡಿಯು ನೀರಿನೊಡನೆ ಇಳಿದು ಕೆರೆಯಲ್ಲಿ ಗೋಡಾಗಿ ಕೂಡುವುದು. ಬೇಸಗೆಯಲ್ಲಿ ರೈತರು ಕೆರೆಗೋಡನ್ನು ಗಾಡಿಗಳಲ್ಲಿ ತುಂಬಿ ಹೊಲಕ್ಕೆ ಹೊಡೆಯುವ ವಾಡಿಕೆಯು ಬಂಡೆಯಿಂದ ಹೊರಟ ಜೇಡಿಯನ್ನು ಮರಳಿ ಮೇಲಕ್ಕೆ ತರುವ ಕಾರ್ಯವು. ಹಿರಿಯರು ಇದನ್ನು ಶಾಸ್ತ್ರವನ್ನು ಓದಿ ಮಾಡಿದವರಲ್ಲ. ಆದರೆ ಶಾಸ್ತ್ರವು ಅವರನ್ನು ಸಮರ್ಥಿಸುವುದು. ವಿದ್ಯಾರ್ಥಿಗಳನ್ನು ಬಂಡೆಯಿಂದ ಕೆರೆಯವರೆಗೆ ನಡೆಸಿಕೊಂಡು ಹೋಗಿ ಐದು ಕಡೆಗಳಲ್ಲಿ ಮಣ್ಣನ್ನು ಮುಟ್ಟಿಸಿದರೆ ಒಂದು ಮುಂಜಾನೆಯಲ್ಲಿ ಗ್ರಾಮದ ಭೂಮಿಯ ಲೆಕ್ಕವೆಲ್ಲ ಅವರಿಗೆ ವಶವಾಗುವುದು.

ಆದರೆ ಶಿಲೆಯೊಂದೇ ಮಣ್ಣನ್ನು ನಿರ್ಣಯಿಸುವುದೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಹಾನ್ಸ್ ಯೆನ್ನಿ ಎಂಬ ವಿದ್ವಾಂಸರು ೧೯೪೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹವೆ, ಜೀವಿಗಳು, ನೆಲದ ಏರುತಗ್ಗು, ಮೂಲಶಿಲೆ, ಕಾಲ ಎಂದು ಐದು ಕಾರಣಗಳನ್ನು ಹೇಳಿರುವರು. ಇದೇ ನೈಸ್ ಶಿಲೆಯಿಂದ ಎತ್ತರದ ನೆಲದಲ್ಲಿ ಕೆಂಪುಮಣ್ಣೂ, ಮಳೆಯು ಕಡಿಮೆಯಾಗಿ ಸುಣ್ಣವು ಶೇಖರವಾಗುವ ತಗ್ಗಿನಲ್ಲಿ ಕಪ್ಪುಮಣ್ಣೂ ಆಗಿರುವುದುಂಟು. ವಿಜಯಪುರ, ಕಲಬುರಗಿ ಕಡೆಯ ವಿಸ್ತಾರವಾದ ಎರೆಭೂಮಿಯಾದರೋ ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದು ಗಟ್ಟಿಯಾದ ಲಾವಾ ಶಿಲೆಯಿಂದ ಹುಟ್ಟಿದುದು. ಅದರಲ್ಲಿ ಸುಣ್ಣವೂ ಮೆಗ್ನೀಷಿಯವೂ ಹೆಚ್ಚು, ಬೆಣಚು ಇಲ್ಲವೆನ್ನುವಷ್ಟು ಕಡಿಮೆ. ಆ ಸೀಮೆಯ ಪಾಠಶಾಲೆಗೆ ಆ ಸೀಮೆಯ ಕರಿಕಲ್ಲೇ ಗುರುವಾಗಬೇಕು. ಕರಾವಳಿಯ ಪಾಠಶಾಲೆಗೆ ಮುರಕಲ್ಲು ಗುರುವಾಗಬೇಕು. ಲಾಲ್‌ಬಾಗಿನ ಬಂಡೆಯು ಪಾಠದ ಮಾದರಿಯೇ ಹೊರತು ಎಲ್ಲ ಸೀಮೆಗಳಿಗೂ ಒಂದೇ ಪಾಠವಲ್ಲ.

ಬಾವಿಯ ವಿಚಾರ

ಬಂಡೆಯ ಪಾಠದಿಂದ ರೈತನಿಗೆ ನೇರವಾಗಿ ಹಣ ಉಳಿಯುವ ಸ್ಥಳವೊಂದಿದೆ, ಅದು ಬಾವಿ. ನೆಲದ ಕೆಳಗೆ ಎಲ್ಲೆಲ್ಲಿಯೂ ಪಾತಾಳಗಂಗೆಯು ಹರಿಯುತ್ತಿರುವುದೆಂದೂ, ಆಳಕ್ಕೆ ಹೋದಷ್ಟೂ ನೀರು ಹೆಚ್ಚೆಂದೂ ನಂಬಿ, ಸಾಲ ಮಾಡಿ ಕೊಳವೆಬಾವಿಗಳನ್ನು ಒಂದರ ಮೇಲೊಂದರಂತೆ ಕೊರೆಯಿಸಿ, ಒಣ ಧೂಳನ್ನು ಮಾತ್ರ ಕಂಡು ಸಂಸಾರವನ್ನೇ ಕಷ್ಟಕ್ಕೆ ಈಡುಮಾಡಿಕೊಂಡ ಕುಟುಂಬಗಳು ಬಯಲುಸೀಮೆಯಲ್ಲಿ ಎಲ್ಲೆಲ್ಲಿಯೂ ಇವೆ. ಅಂತಹ ರೈತನನ್ನು ಬಾವಿ ಕೊರೆಯುವುದಕ್ಕೆ ಮೊದಲು ಲಾಲ್‌ಬಾಗಿನಂತಹ ಬಂಡೆಯ ಮೇಲೆ ನಿಲ್ಲಿಸಬೇಕು. ಗಟ್ಟಿಯಾದ ನೈಸ್ ಶಿಲೆಯು ಸ್ಪಂಜಿನಂತೆ ನೀರನ್ನು ಹೀರುವ ವಸ್ತುವಲ್ಲ. ಅದರಲ್ಲಿ ನೀರು ಇರತಕ್ಕ ಸ್ಥಳಗಳು ಎರಡೇ: ಮೇಲೆ ಶಿಲೆಯು ಕೊಳೆತು ಗರಸಾಗಿರುವ ಪದರು, ಅದರ ಕೆಳಗೆ ಶಿಲೆಯು ಸೀಳಿರುವ ಬಿರುಕುಗಳು. ಬಂಡೆಯ ಮೇಲೆ ಕಾಣುವ ಬಿರುಕುಗಳೇ ನೆಲದೊಳಗೂ ಇರುವುವು. ಆಳಕ್ಕೆ ಹೋದಂತೆ ಅವು ಸಾಮಾನ್ಯವಾಗಿ ವಿರಳವಾಗಿಯೂ ಬಿಗಿಯಾಗಿಯೂ ಆಗುವುವು. ಬಿರುಕನ್ನು ತಾಗದ ಬಾವಿಯು ಸಾವಿರ ಅಡಿಯಾದರೂ ಒಣ ಬಾವಿಯೇ.

ಬಿರುಕಿನಲ್ಲಿರುವ ನೀರೂ ಮಳೆಯಿಂದ ಬಂದುದೇ. ಗರಸಿನ ಪದರಿನ ಮೂಲಕ ಇಂಗಿದುದೇ. ಈ ಮಾತು ಮನಸ್ಸಿಗೆ ಇಳಿದರೆ ಕೆರೆಯ ಹೂಳೆತ್ತುವುದು, ಕಟ್ಟೆ ಕಟ್ಟುವುದು, ಬದು ಹಾಕುವುದು ಇವು ಸರ್ಕಾರದ ಕೆಲಸಗಳೆಂಬ ಭಾವನೆಯು ಹೋಗಿ ತನ್ನ ಬಾವಿಯ ಕೆಲಸಗಳೆಂಬ ಭಾವನೆಯು ಬರುವುದು.

ಆಕ್ಷೇಪಣೆಗಳು

ಕಲ್ಲಿನ ಶಾಸ್ತ್ರವು ಗಣಿಯವರಿಗೆ ಸೇರಿದುದು, ವ್ಯವಸಾಯದವರಿಗೆ ಅಲ್ಲ ಎಂಬುದು ಒಂದು ಆಕ್ಷೇಪಣೆ. ಈ ನಾಡಿನ ವ್ಯವಸಾಯ ಸಂಶೋಧನೆಯ ಚರಿತ್ರೆಯೇ ಇದಕ್ಕೆ ಉತ್ತರವು. ೧೮೯೯ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ ೩೦ ಎಕರೆ ಭೂಮಿಯನ್ನು ಪ್ರಯೋಗಗಳಿಗಾಗಿ ಕೊಟ್ಟರು. ಅಲ್ಲಿ ಕೆಲಸವನ್ನಾರಂಭಿಸಿದ ಡಾಕ್ಟರ್ ಲೇಮನ್ನರು ವ್ಯವಸಾಯ ರಸಾಯನಶಾಸ್ತ್ರಜ್ಞರು. ಮಣ್ಣಿನ ಸಾರವೂ ಬೆಳೆಗೂ ಅದಕ್ಕೂ ಇರುವ ಸಂಬಂಧವೂ ಅವರ ಪ್ರಯೋಗಗಳ ವಿಷಯವಾಗಿತ್ತು. ವ್ಯವಸಾಯ ಇಲಾಖೆಯು ಬೆಳೆಯುವುದಕ್ಕೆ ಮೊದಲೇ ಮಣ್ಣಿನ ಪರೀಕ್ಷೆಯು ಇಲ್ಲಿ ನೆಲೆಗೊಂಡಿತು. ಮಣ್ಣನ್ನು ಪರೀಕ್ಷಿಸುವವನು ಅದರ ತಾಯಿಯಾದ ಶಿಲೆಯನ್ನು ಕೇಳದೆ ಇರುವುದು ಅರ್ಧ ವಿಚಾರಣೆ.

ಪಾಠಕ್ರಮವು ಈಗಾಗಲೇ ಭಾರವಾಗಿದೆ, ಹೊಸ ವಿಷಯಕ್ಕೆ ಸಮಯವಿಲ್ಲ ಎಂಬುದು ಎರಡನೆಯ ಆಕ್ಷೇಪಣೆ. ಇಲ್ಲಿ ಸೂಚಿಸಿರುವುದು ಹೊಸ ವಿಷಯವಲ್ಲ. ಇರುವ ವಿಷಯವನ್ನು ಕೊಠಡಿಯಿಂದ ಬಯಲಿಗೆ ತರುವುದು ಮಾತ್ರ. ವರ್ಷಕ್ಕೆ ಎರಡು ಮುಂಜಾನೆಗಳು ಸಾಕು.

ಮೂರನೆಯ ಆಕ್ಷೇಪಣೆಯು ಬಲವಾದುದು. ಕಲ್ಲಿಗೆ ಬೆಲೆಯಿದೆ, ಮನೆಗೂ ರಸ್ತೆಗೂ ಜಲ್ಲಿ ಬೇಕು, ಕಲ್ಲು ಒಡೆದು ಜೀವಿಸುವ ಕುಟುಂಬಗಳಿವೆ. ಎಲ್ಲ ಬಂಡೆಗಳನ್ನೂ ಪಾಠಕ್ಕೆಂದು ಕಾದಿರಿಸುವುದು ಸಾಧ್ಯವೂ ಅಲ್ಲ, ನ್ಯಾಯವೂ ಅಲ್ಲ. ಆದರೆ ಕಂದಾಯದ ದಾಖಲೆಯಲ್ಲಿ ಬಂಡೆಯ ನೆಲವನ್ನು ಖರಾಬು ಎಂದು ಬರೆದಿರುವುದರಿಂದ ಅದು ಯಾವ ಉಪಯೋಗಕ್ಕೂ ಬಾರದ್ದೆಂಬ ಭಾವನೆಯು ಬೇರೂರಿದೆ. ಖರಾಬು ಎಂಬುದು ಸಾಗುವಳಿಗೂ ಕಂದಾಯಕ್ಕೂ ಒಳಪಡದ ನೆಲಕ್ಕೆ ಇಟ್ಟ ಹೆಸರೇ ಹೊರತು ಬೆಲೆಯಿಲ್ಲದ ನೆಲಕ್ಕೆ ಅಲ್ಲ. ಆ ಹಾಸುಬಂಡೆಯ ಮೇಲೆಯೇ ಊರಿನವರು ತೆನೆ ಬಡಿಯುವರು, ಕಾಳು ಒಣಗಿಸುವರು. ಅದರಿಂದಲೇ ರೋಣಗಲ್ಲು, ಬೀಸುವ ಕಲ್ಲು, ಒರಳುಗಳು ಬಂದುವು. ಅದರ ದೊಣೆಯಲ್ಲಿ ದನ ಕುರಿಗಳು ನೀರು ಕುಡಿಯುವುವು. ಇಷ್ಟು ಉಪಯೋಗಗಳ ಜೊತೆಗೆ ಪಾಠದ ಉಪಯೋಗವೂ ಸೇರಿದಲ್ಲಿ ಹೋಬಳಿಗೆ ಒಂದು ಬಂಡೆಯನ್ನಾದರೂ ಒಡೆಯದೆ ಬಿಡುವುದು ಹೆಚ್ಚಿನ ತ್ಯಾಗವೇನೂ ಅಲ್ಲ. ಒಡೆದ ಕಲ್ಲು ಒಂದು ಸಲ ಹಣವನ್ನು ಕೊಡುವುದು, ಪುನಃ ಬೆಳೆಯುವುದಿಲ್ಲ.

ಮಾಡತಕ್ಕ ಕಾರ್ಯಗಳು

ಈ ವಿಷಯದಲ್ಲಿ ಕೆಳಗಿನ ಸೂಚನೆಗಳು ಪರಿಶೀಲನೆಗೆ ಅರ್ಹವಾಗಿವೆ.

ಮೊದಲನೆಯದಾಗಿ, ಬೆಂಗಳೂರಿನಲ್ಲಿಯೂ ಸುತ್ತಮುತ್ತಲಿನ ತಾಲ್ಲೂಕುಗಳಲ್ಲಿಯೂ ಇರುವ ವ್ಯವಸಾಯ ವಿದ್ಯಾರ್ಥಿಗಳಿಗೂ, ತರಬೇತಿಗೆ ಬರುವ ರೈತರಿಗೂ ಮಣ್ಣಿನ ಪಾಠದ ಮೊದಲ ದಿನವನ್ನು ಲಾಲ್‌ಬಾಗಿನ ಬಂಡೆಯಲ್ಲಿ ಕಳೆಯುವ ಏರ್ಪಾಡಾಗಬೇಕು. ಬೆಳಗಿನ ಓರೆಬಿಸಿಲಿನಲ್ಲಿ ಪಟ್ಟೆಗಳೂ ನೆರಿಗೆಗಳೂ ಸ್ಪಷ್ಟವಾಗಿ ಕಾಣುವುವು. ಮಳೆ ಬಂದು ನಿಂತ ಮರುದಿನವಾದರೆ ಇನ್ನೂ ಉತ್ತಮ.

ಎರಡನೆಯದಾಗಿ, ಆಗಸ್ಟ್ ಮತ್ತು ಜನವರಿ ತಿಂಗಳುಗಳ ಫಲಪುಷ್ಪ ಪ್ರದರ್ಶನಗಳಿಗೆ ಲಕ್ಷಾಂತರ ಜನರು ಬರುವರು. ಆಗ ಬಂಡೆಯ ಬುಡದಲ್ಲಿ ಒಂದು ಮೇಜಿನ ಮೇಲೆ ಐದು ತಟ್ಟೆಗಳನ್ನಿಟ್ಟು, ಹಸಿ ಕಲ್ಲು, ಕೊಳೆತ ಕಲ್ಲು, ಗರಸು, ಕೆಂಪುಮಣ್ಣು, ಕೆರೆಗೋಡು ಇವುಗಳನ್ನು ಕ್ರಮವಾಗಿ ತೋರಿಸಿ, ಕನ್ನಡದಲ್ಲಿ ವಿವರಣೆಯನ್ನು ಬರೆದಿಡಬೇಕು. ಹೂವನ್ನು ನೋಡಲು ಬಂದವರು ಹೂವಿನ ಮೂಲವನ್ನೂ ನೋಡಿ ಹೋಗುವರು.

ಮೂರನೆಯದಾಗಿ, ಪ್ರತಿಯೊಂದು ಹೋಬಳಿಯಲ್ಲಿಯೂ ವ್ಯವಸಾಯದ ಅಧಿಕಾರಿಗಳೂ ಪಾಠಶಾಲೆಯ ಉಪಾಧ್ಯಾಯರೂ ಕೂಡಿ, ನಡೆದು ಹೋಗುವಷ್ಟು ದೂರದಲ್ಲಿರುವ ಒಂದು ಬಂಡೆಯನ್ನೂ, ಅದರ ಕೆಳಗಿನ ಹೊಲವನ್ನೂ, ಹೊಸದಾಗಿ ತೋಡಿದ ಬಾವಿಯ ಅಥವಾ ರಸ್ತೆಯ ಕೊರಕಲಿನಲ್ಲಿ ಮಣ್ಣಿನ ಪದರುಗಳು ಕಾಣುವ ಸ್ಥಳವೊಂದನ್ನೂ ಗೊತ್ತುಮಾಡಿಕೊಳ್ಳಬೇಕು. ಗುರುತಿಸಿದ ಬಂಡೆಯನ್ನು ಒಡೆಯಲು ಗುತ್ತಿಗೆ ಕೊಡದಂತೆ ಗ್ರಾಮ ಪಂಚಾಯಿತಿಯವರು ಮೇಲಿನವರಿಗೆ ಬರೆದುಕೊಳ್ಳಬಹುದು. ಕೆಲಸ ಮುಗಿದ ಕಲ್ಲುಗಣಿಗಳಲ್ಲಿ ಒಂದು ಮುಖವನ್ನು ಮುಚ್ಚದೆ ಬಿಟ್ಟರೆ ಹಸಿ ಶಿಲೆಯನ್ನು ತೋರಿಸಲು ಅನುಕೂಲವಾಗುವುದು. ಆದರೆ ನೀರು ನಿಂತ ಗಣಿಗಳ ಅಂಚಿಗೆ ಮಕ್ಕಳನ್ನು ಎಂದಿಗೂ ಕರೆದೊಯ್ಯತಕ್ಕದ್ದಲ್ಲ.

ನಾಲ್ಕನೆಯದಾಗಿ, ಲಾಲ್‌ಬಾಗಿನ ಬಂಡೆಯ ಮೇಲೆ ಸುತ್ತಿಗೆಯನ್ನು ಪ್ರಯೋಗಿಸಕೂಡದು, ಹೆಸರುಗಳನ್ನು ಕೊರೆಯಕೂಡದು, ಬಣ್ಣ ಬಳಿಯಕೂಡದು. ಪಾಠಕ್ಕೆ ಬೇಕಾದ ತುಂಡುಗಳು ಬೇರೆ ಕಲ್ಲುಗಣಿಗಳಲ್ಲಿ ಬೇಕಾದಷ್ಟು ದೊರೆಯುವುವು. ಸ್ಮಾರಕವನ್ನು ಮುಟ್ಟದೆ ಓದುವುದನ್ನು ಕಲಿಸುವುದೂ ಪಾಠದ ಒಂದು ಭಾಗವು.

ಕರ್ನಾಟಕದಲ್ಲಿ ಲಾಲ್‌ಬಾಗಿನ ಹೊರತು ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬುಲಾವಾ, ಮಲ್ಪೆಯ ಎದುರಿಗಿರುವ ಸೇಂಟ್ ಮೇರಿ ದ್ವೀಪದ ಕಂಬಶಿಲೆ ಮುಂತಾದುವುಗಳಿಗೂ ಸ್ಮಾರಕದ ಗೌರವವು ಸಂದಿದೆ. ಇವು ವಿಶೇಷವಾದ ಶಿಲೆಗಳು. ಲಾಲ್‌ಬಾಗಿನ ಶಿಲೆಯ ಹೆಚ್ಚಳವಾದರೋ ಅದು ವಿಶೇಷವಲ್ಲದಿರುವುದೇ ಆಗಿದೆ. ಸಾವಿರಾರು ಗ್ರಾಮಗಳಲ್ಲಿ ಹೊಲದ ಅಂಚಿಗೆ ಬಿದ್ದಿರುವ ಸಾಮಾನ್ಯವಾದ ಬಂಡೆಯ ಸ್ವರೂಪವನ್ನೇ ಅದು ತೋರಿಸುವುದು. ಅದನ್ನು ಒಂದು ಸಲ ಸರಿಯಾಗಿ ನೋಡಿದವನು ತನ್ನ ಊರಿಗೆ ಹಿಂದಿರುಗಿ, ತಾನು ದಿನವೂ ದಾಟಿ ಹೋಗುತ್ತಿದ್ದ ಕಲ್ಲಿನ ಬಳಿ ನಿಲ್ಲುವನು. ಆಮೇಲೆ ತನ್ನ ಹೊಲದ ಮಣ್ಣನ್ನು ಹಿಡಿಯಲ್ಲಿ ಹಿಡಿದು ನೋಡುವನು. ಉಪಾಧ್ಯಾಯರೂ ಅಧಿಕಾರಿಗಳೂ ಮುಂಬರುವ ಮಳೆಗಾಲಕ್ಕೆ ಮುಂಚಿತವಾಗಿಯೇ ತಮ್ಮ ತಮ್ಮ ಹೋಬಳಿಯ ಬಂಡೆಯನ್ನು ಗುರುತಿಸಿ, ಮೊದಲನೆಯ ಪಾಠವನ್ನು ಅಲ್ಲಿಯೇ ನಡೆಸುವರೆಂದು ಆಶಿಸಲಾಗಿದೆ.